ಪಾರ್ಕಿನ ಕೊಳ ಖಾಲಿ ಮಾಡಿದ್ದಾರೆ, ಬಾತುಕೋಳಿಗಳು ಸಿಮೆಂಟಿನ ಮೇಲೆ ನಿಂತಿವೆ. ಏನು ಮಾಡೋಣ?

ಕೋಥ್ರೂಡ್ ಅಮ್ಮ | ಡಿಸೆಂಬರ್ 14, ಬೆಳಗ್ಗೆ 9:20

ಪುಣೆಯ ಕನ್ನಡದವರಿಗೆಲ್ಲ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಪೂರ್ತಿ ಓದಿ ಹೇಳಿ.

ನಮ್ಮ ಮನೆ ಹತ್ತಿರ ಒಂದು ಪಾರ್ಕ್ ಇದೆ. ಹೆಸರು ಹಾಕುವುದಿಲ್ಲ. ಯಾರನ್ನೋ ಬೈಯಲು ಬರೆಯುತ್ತಿಲ್ಲ, ದಾರಿ ಕೇಳಲು ಬರೆಯುತ್ತಿದ್ದೇನೆ. ಪಾರ್ಕಿನ ಮಧ್ಯದಲ್ಲಿ ಸಿಮೆಂಟಿನ ಕೊಳ. ಅದರಲ್ಲಿ ಐದು ಬಿಳಿ ಬಾತುಕೋಳಿ, ಎರಡು ಹೆಬ್ಬಾತು. ಕೊಕ್ಕಿನ ಬುಡದಲ್ಲಿ ಗಂಟು ಇರುತ್ತದಲ್ಲ, ಆ ಜಾತಿಯ ಹೆಬ್ಬಾತು. ಏಳು ವರ್ಷದಿಂದ ಅವುಗಳನ್ನು ನೋಡಿಕೊಂಡೇ ನನ್ನ ವಾಕಿಂಗ್. ಗೇಟಿನ ಹತ್ತಿರ ನನ್ನ ದನಿ ಕೇಳಿದರೆ ದೊಡ್ಡ ಹೆಬ್ಬಾತು ಕತ್ತು ಚಾಚಿ ಕೂಗುತ್ತದೆ.

ಕಳೆದ ಸೋಮವಾರ ಹೋದಾಗ ಕೊಳದಲ್ಲಿ ನೀರಿಲ್ಲ. ಹೊಸ ವರ್ಷಕ್ಕೆ ಮೊದಲು ತೊಳೆದು, ನೀಲಿ ಬಣ್ಣ ಹೊಡೆದು, ಕಾರಂಜಿಗೆ ದೀಪ ಹಾಕುತ್ತಾರಂತೆ. ಒಂದು ಮೂಲೆಯಲ್ಲಿ ಎರಡು ಬೆರಳು ಆಳದ ಹಸಿರು ನೀರು ಉಳಿದಿದೆ. ಅದರ ಸುತ್ತ ಬ್ಲೀಚಿಂಗ್ ಪೌಡರ್ ಚೆಲ್ಲಿದ್ದಾರೆ. ಏಳೂ ಹಕ್ಕಿ ಅದೇ ಮೂಲೆಯಲ್ಲಿ ಗುಂಪಾಗಿ ನಿಂತಿದ್ದವು. ಕೊಳದ ಗೋಡೆ ಸೊಂಟದಷ್ಟು ಎತ್ತರ, ಹತ್ತಿ ಹೊರಗೆ ಬರಲು ಆಗುವುದಿಲ್ಲ. ಒಂದು ಹೆಬ್ಬಾತು ಬಲಗಾಲು ಊರುತ್ತಿಲ್ಲ.

ಅಲ್ಲಿನ ಮಾಲಿ ಅಣ್ಣ ಇಂಡಿ ಕಡೆಯವರು. ಕನ್ನಡದಲ್ಲಿ ಮಾತಾಡಿಸಿದೆ ಅಂತ ಕೆಲಸ ಬಿಟ್ಟು ಬಂದು ನಿಂತರು. ‘ಏನ್ ಮಾಡೂದ್ರಿ ಅಕ್ಕಾರ, ಕೊಳ ತೊಳೀರಿ ಅಂದ್ರು, ತೊಳದೀವಿ. ಬಾತುಕೋಳಿ ಬಗ್ಗೆ ಏನೂ ಹೇಳಿಲ್ರೀ’ ಅಂದರು. ಅವರ ತಪ್ಪಿಲ್ಲ. ತಮ್ಮ ಊಟದ ಡಬ್ಬಿಯಿಂದ ಜೋಳದ ರೊಟ್ಟಿ ನೆನೆಸಿ ಹಾಕುತ್ತಿದ್ದರು.

ನಿನ್ನೆ ರಾತ್ರಿ ಇಲ್ಲಿ ಒಳ್ಳೆ ಚಳಿ. ನನಗೆ ನಿದ್ದೆ ಬರಲಿಲ್ಲ. ಈ ಹಕ್ಕಿಗಳಿಗೆ ಈಗ ತಕ್ಷಣ ಏನು ಮಾಡಬೇಕು? ಯಾರನ್ನು ಕೇಳಬೇಕು?

ಹಡಪ್ಸರ್ ಪಶುವೈದ್ಯ | ಡಿಸೆಂಬರ್ 14, ಬೆಳಗ್ಗೆ 10:05

ಅಕ್ಕ, ನಾನು ಬೀದರಿನಲ್ಲಿ ಓದಿದವನು, ಈಗ ಇಲ್ಲಿ ಕೋಳಿ ಫಾರ್ಮ್‌ಗಳಿಗೆ ಹೋಗುತ್ತೇನೆ. ಚಳಿ ಬಗ್ಗೆ ಹೆದರಬೇಡಿ. ಪುಣೆಯ ಎಂಟು-ಹತ್ತು ಡಿಗ್ರಿ ಬಾತುಕೋಳಿಗೆ ಲೆಕ್ಕಕ್ಕೇ ಇಲ್ಲ. ಹೆದರಬೇಕಾದದ್ದು ಆ ಬ್ಲೀಚಿಂಗ್ ಪೌಡರಿಗೆ ಮತ್ತು ಬರಿ ಸಿಮೆಂಟಿಗೆ.

ಇವತ್ತೇ ಮಾಡಬೇಕಾದದ್ದು ಹೇಳುತ್ತೇನೆ. ಮೊದಲು ಆ ಮೂಲೆಯಿಂದ ಅವನ್ನು ಆಚೆ ತನ್ನಿ. ಒಂದು ಹಲಗೆ ಇಳಿಜಾರಾಗಿ ಇಡಿ, ಮೇಲೆ ಒದ್ದೆ ಗೋಣಿಚೀಲ ಹೊದಿಸಿ. ಜಾರದಿದ್ದರೆ ತಾವೇ ಹತ್ತಿ ಬರುತ್ತವೆ. ರೆಕ್ಕೆ ಹಿಡಿದು ಎತ್ತಬೇಡಿ, ಕಾಲು ಹಿಡಿದು ಅಂತೂ ಬೇಡವೇ ಬೇಡ. ಎರಡೂ ರೆಕ್ಕೆಯನ್ನು ಮೈಗೆ ಒತ್ತಿ, ಹೊಟ್ಟೆ ಕೆಳಗೆ ಕೈ ಕೊಟ್ಟು ಎತ್ತಬೇಕು. ಆಮೇಲೆ ಒಂದು ದೊಡ್ಡ ಪ್ಲಾಸ್ಟಿಕ್ ಟಬ್ಬಿನಲ್ಲಿ ಶುದ್ಧ ನೀರು. ಕುಡಿಯುವುದಕ್ಕೆ ಮಾತ್ರ ಅಲ್ಲ, ತಲೆ ಪೂರ್ತಿ ಮುಳುಗುವಷ್ಟು ಆಳ ಇರಬೇಕು. ಬಾತುಕೋಳಿ ಕಣ್ಣು, ಮೂಗಿನ ಹೊಳ್ಳೆ ತೊಳೆದುಕೊಳ್ಳುವುದೇ ಹಾಗೆ. ಅದಿಲ್ಲದಿದ್ದರೆ ಕಣ್ಣು ಅಂಟಿಕೊಳ್ಳಬಹುದು.

ಕುಂಟುವ ಹೆಬ್ಬಾತಿನ ಪಾದದ ಅಡಿ ನೋಡಿ. ಕಪ್ಪು ಹೆಕ್ಕಳೆ ಇದೆಯಾ? ಫೋಟೊ ಹಾಕಿ.

ಕೋಥ್ರೂಡ್ ಅಮ್ಮ | ಡಿಸೆಂಬರ್ 14, ಮಧ್ಯಾಹ್ನ 1:40

ಡಾಕ್ಟ್ರೇ, ಮಾಲಿ ಅಣ್ಣ ಹಲಗೆ ಇಟ್ಟರು, ಗೋಣಿಚೀಲ ನಾನು ಕಿರಾಣಿ ಅಂಗಡಿಯಿಂದ ತಂದೆ. ಐದು ನಿಮಿಷ ಸುಮ್ನೆ ನೋಡುತ್ತಾ ನಿಂತವು. ಆಮೇಲೆ ಒಂದು ಬಾತು ಹತ್ತಿತು, ಹಿಂದೆಯೇ ಸಾಲಾಗಿ ಉಳಿದವು ಬಂದವು. ಕುಂಟುವುದನ್ನು ಎತ್ತಿಕೊಂಡು ಬಂದೆವು. ಟಬ್ಬಿಗೆ ನೀರು ಹಾಕಿದ್ದೇ ತಡ, ತಲೆ ಮುಳುಗಿಸಿ ಮುಳುಗಿಸಿ ಬೆನ್ನ ಮೇಲೆ ನೀರು ಚೆಲ್ಲಿಕೊಂಡವು. ನನ್ನ ಸೀರೆಯೆಲ್ಲ ಒದ್ದೆ.

ಪಾದದ ಅಡಿ ಮಧ್ಯದಲ್ಲಿ ಕಡಲೆಕಾಳಿನಷ್ಟು ಕಪ್ಪು ಗಂಟು. ಸುತ್ತ ಕೆಂಪಗೆ ಊದಿದೆ, ಮುಟ್ಟಿದರೆ ಬಿಸಿ. ಫೋಟೊ ಹಾಕಿದ್ದೇನೆ.

ಹಡಪ್ಸರ್ ಪಶುವೈದ್ಯ | ಡಿಸೆಂಬರ್ 14, ಮಧ್ಯಾಹ್ನ 2:15

ಅಂದುಕೊಂಡದ್ದೇ. ಗಟ್ಟಿ ನೆಲದ ಮೇಲೆ ಓಡಾಡಿ ಪಾದ ಸವೆದು, ಸಣ್ಣ ಗಾಯದೊಳಗೆ ಸೋಂಕು ಹೋಗಿ ಹೀಗಾಗುತ್ತದೆ. ಹೆಬ್ಬಾತು ತೂಕದ ಹಕ್ಕಿ, ಅದಕ್ಕೇ ಜಾಸ್ತಿ. ಇದು ಒಂದು ವಾರದ ಗಾಯ ಅಲ್ಲ, ತಿಂಗಳುಗಳಿಂದ ಬೆಳೆದದ್ದು. ಬ್ಲೇಡ್ ಹಾಕಿ ಕೀಳಲು ಹೋಗಬೇಡಿ, ರಕ್ತ ನಿಲ್ಲುವುದಿಲ್ಲ. ಉಗುರು ಬೆಚ್ಚಗಿನ ನೀರಿಗೆ ಎಪ್ಸಮ್ ಉಪ್ಪು ಹಾಕಿ ದಿನಕ್ಕೆ ಎರಡು ಸಲ ಹತ್ತು ನಿಮಿಷ ಪಾದ ಅದ್ದಿಸಿ. ಮಲಗಲು ಒಣ ಭತ್ತದ ಹುಲ್ಲು ಹಾಕಿ. ನಾಳೆ ಸಂಜೆ ನಾನೇ ಬರುತ್ತೇನೆ, ಔಷಧ ನೋಡಿ ಕೊಡುತ್ತೇನೆ. ಫೀಸು ಗೀಸು ಏನೂ ಬೇಡ.

ವಾರ್ಜೆ ವಿದ್ಯಾರ್ಥಿನಿ | ಡಿಸೆಂಬರ್ 14, ಸಂಜೆ 5:30

ಒಂದು ಅನುಮಾನ. ಬರಿಗಾಲಲ್ಲಿ ತಣ್ಣೀರಲ್ಲಿ ನಿಂತರೂ ಅವಕ್ಕೆ ಚಳಿ ಆಗಲ್ವಾ?

ಹ್ಯಾಂಬರ್ಗ್‌ನಿಂದ ಬಂದವನು | ಡಿಸೆಂಬರ್ 14, ರಾತ್ರಿ 8:50

ಕಾಲಲ್ಲಿ ಒಂದು ಒಳ್ಳೆ ಏರ್ಪಾಡಿದೆ. ಮೈಯಿಂದ ಪಾದಕ್ಕೆ ಇಳಿಯುವ ಬಿಸಿ ರಕ್ತದ ನಾಳ, ಪಾದದಿಂದ ವಾಪಸ್ ಬರುವ ತಣ್ಣನೆ ರಕ್ತದ ನಾಳ, ಎರಡೂ ಒಂದಕ್ಕೊಂದು ಒತ್ತಿಕೊಂಡಿರುತ್ತವೆ. ಇಳಿಯುವ ಬಿಸಿಯನ್ನು ಏರುವ ರಕ್ತ ಹೀರಿಕೊಂಡು ಮೈಗೇ ವಾಪಸ್ ಒಯ್ಯುತ್ತದೆ. ಹಾಗಾಗಿ ಪಾದ ತಣ್ಣಗಿದ್ದರೂ ಮೈಯ ಶಾಖ ನೀರಿಗೆ ಸೋರಿ ಹೋಗುವುದಿಲ್ಲ. ಮೇಲೆ ಎಣ್ಣೆ ಸವರಿದ ಗರಿ, ಒಳಗೆ ತುಪ್ಪುಳ. ಬಾಲದ ಮೇಲೆ ಒಂದು ಎಣ್ಣೆ ಗ್ರಂಥಿ ಇರುತ್ತದೆ, ಕೊಕ್ಕಿನಿಂದ ಅದನ್ನು ಒತ್ತಿ ಗರಿಗೆ ಹಚ್ಚಿಕೊಳ್ಳುತ್ತವೆ. ಕೊಳೆ ನೀರಲ್ಲಿ ಆ ಎಣ್ಣೆ ಹಾಳಾದರೆ ಮಾತ್ರ ಕಷ್ಟ.

ನಾನು ಕಂಪನಿ ಕೆಲಸಕ್ಕೆ ಎರಡು ವರ್ಷ ಜರ್ಮನಿಯ ಹ್ಯಾಂಬರ್ಗ್‌ನಲ್ಲಿದ್ದೆ. ಅಲ್ಲಿ ನೋಡಿದ್ದು ಹೇಳಲೇಬೇಕು. ಊರ ಮಧ್ಯೆ ಆಲ್ಸ್ಟರ್ ಅಂತ ನದಿಯೇ ಸರೋವರವಾಗಿದೆ. ಅದರ ತುಂಬ ಹಂಸಗಳು. ನೀರು ಹೆಪ್ಪುಗಟ್ಟುವ ಮೊದಲು, ನವೆಂಬರ್ ಹೊತ್ತಿಗೆ, ಅವನ್ನೆಲ್ಲ ದೋಣಿಗಳಲ್ಲಿ ಸೇರಿಸಿ ಎಪ್ಪೆನ್‌ಡಾರ್ಫ್ ಎಂಬಲ್ಲಿನ ಗಿರಣಿ ಕೊಳಕ್ಕೆ ಒಯ್ಯುತ್ತಾರೆ. ಆ ಕೊಳ ಹೆಪ್ಪುಗಟ್ಟದ ಹಾಗೆ ನೋಡಿಕೊಳ್ಳುತ್ತಾರೆ. ಚಳಿ ಮುಗಿದ ಮೇಲೆ ವಾಪಸ್. ಇದಕ್ಕೇ ನಗರದಲ್ಲಿ ಒಬ್ಬ ಅಧಿಕಾರಿ ಇದ್ದಾರೆ. ಜನ ಅವರನ್ನು ಕರೆಯುವುದು ‘ಹಂಸಗಳ ತಂದೆ’ ಅಂತ. ಈ ಹುದ್ದೆ 1674ರಿಂದ ಇದೆ.

ದುಡ್ಡು ಅವರ ಹತ್ತಿರ ಜಾಸ್ತಿ ಇದೆ ಅಂತ ಇದನ್ನು ಹೇಳುತ್ತಿಲ್ಲ. ಅಲ್ಲಿ ಹಂಸಕ್ಕೆ ಏನಾದರೂ ಆದರೆ ಯಾರನ್ನು ಕೇಳಬೇಕು ಅಂತ ಊರಿಗೆಲ್ಲ ಗೊತ್ತು. ನಿಮ್ಮ ಮಾಲಿ ಅಣ್ಣ ಹೇಳಿದರಲ್ಲ, ಬಾತುಕೋಳಿ ಬಗ್ಗೆ ಏನೂ ಹೇಳಿಲ್ಲ ಅಂತ. ನನಗೆ ಅದೇ ಮಾತು ತಲೆಯಲ್ಲಿ ಕೂತಿದೆ.

ಬಾಣೇರ್ ನಿವಾಸಿ | ಡಿಸೆಂಬರ್ 15, ಬೆಳಗ್ಗೆ 7:15

ನನ್ನ ಅಭಿಪ್ರಾಯ ಬೇರೆ. ಪಾರ್ಕಿನಲ್ಲಿ ಈ ಹಕ್ಕಿಗಳು ಇರಲೇಬಾರದು. ಇವು ಕಾಡು ಹಕ್ಕಿಗಳಲ್ಲ, ಯಾರೋ ಮರಿ ಇದ್ದಾಗ ಮುದ್ದು ಅಂತ ತಂದು, ದೊಡ್ಡದಾಗಿ ಗಲೀಜು ಮಾಡಲು ಶುರು ಮಾಡಿದ ಮೇಲೆ ತಂದು ಬಿಟ್ಟದ್ದು. ಹಾರಲಾರವು, ಬೀದಿ ನಾಯಿ ಬಂದರೆ ಓಡಲಾರವು. 2021ರ ಜನವರಿ ನೆನಪಿದೆಯಾ? ಹಕ್ಕಿಜ್ವರ ಬಂದು ದೆಹಲಿಯ ಸಂಜಯ್ ಸರೋವರದ ಬಾತುಕೋಳಿಗಳನ್ನೆಲ್ಲ ಕೊಲ್ಲಬೇಕಾಯಿತು. ಆಗ ಮಹಾರಾಷ್ಟ್ರದಲ್ಲೂ ಪರಭಣಿಯಲ್ಲಿ ಕೋಳಿಗಳು ಸತ್ತವು. ವಲಸೆ ಹಕ್ಕಿ ಬರುವ ಕಾಲದಲ್ಲಿ ಸಾಕುಹಕ್ಕಿ, ಕಾಡುಹಕ್ಕಿ, ಮಕ್ಕಳು ಎಲ್ಲ ಒಂದೇ ಕೊಳದ ಸುತ್ತ ಸೇರುವುದು ಸರಿಯಲ್ಲ.

ಹಡಪ್ಸರ್ ಪಶುವೈದ್ಯ | ಡಿಸೆಂಬರ್ 15, ಬೆಳಗ್ಗೆ 8:00

ಬಾಣೇರ್‌ನವರ ಮಾತಿನಲ್ಲಿ ಹುರುಳಿದೆ, ನಾನು ಅಲ್ಲಗಳೆಯಲ್ಲ. ಬಿಳಿ ಬಾತು ಮೂಲದಲ್ಲಿ ಮಲ್ಲಾರ್ಡ್ ಎಂಬ ಕಾಡುಬಾತಿನ ಸಂತತಿ. ನಾವು ಮಾಂಸಕ್ಕಾಗಿ ತೂಕ ಹೆಚ್ಚಿಸಿ ಹೆಚ್ಚಿಸಿ ಅದು ಹಾರುವುದೇ ನಿಂತಿತು. ಹಾರಲಾರದ ಹಾಗೆ ಮಾಡಿದವರು ನಾವು, ಹಾಗಾಗಿ ಈಗಿರುವ ಏಳನ್ನು ಕೈಬಿಡುವ ಹಾಗಿಲ್ಲ. ಹೊಸದು ತಂದು ಬಿಡುವುದನ್ನು ನಿಲ್ಲಿಸಬೇಕು, ಮೊಟ್ಟೆ ಇಟ್ಟರೆ ತೆಗೆಯಬೇಕು, ಇರುವವು ಆಯಸ್ಸು ಮುಗಿಯುವವರೆಗೆ ಚೆನ್ನಾಗಿರಬೇಕು. ಸಾಕಿದ ಪ್ರಾಣಿಯನ್ನು ಅನ್ನ ನೀರಿಲ್ಲದೆ ಸಾಯುವ ಹಾಗೆ ಬಿಟ್ಟು ಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲೇ ಅಪರಾಧ. ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ.

ಒಟ್ಟಿಗೆ ಮೂರು-ನಾಲ್ಕು ಹಕ್ಕಿ ಸತ್ತಿದ್ದು ಕಂಡರೆ ಮಾತ್ರ ಕೈಯಲ್ಲಿ ಮುಟ್ಟಬೇಡಿ. ಪಶುಸಂಗೋಪನಾ ಇಲಾಖೆಗೆ ಹೇಳಿ.

ನಿಗಡಿ ಅಜ್ಜ | ಡಿಸೆಂಬರ್ 15, ಬೆಳಗ್ಗೆ 11:30

ನಾನು ಧಾರವಾಡದವನು, 38 ವರ್ಷದಿಂದ ಇಲ್ಲಿ. ಪ್ರತಿ ಭಾನುವಾರ ಮೊಮ್ಮಗಳ ಜೊತೆ ಇಲ್ಲೇ ಹತ್ತಿರದ ಕೊಳಕ್ಕೆ ಹೋಗಿ ಬಾತುಕೋಳಿಗೆ ಪಾವ್ ಹಾಕುತ್ತೇನೆ. ಹೋದ ವಾರ ಒಬ್ಬ ಹುಡುಗ ಬಂದು ‘ಅಂಕಲ್, ಹಾಕಬೇಡಿ, ಸಾಯ್ತವೆ’ ಅಂತ ಎಲ್ಲರ ಮುಂದೆ ಜೋರು ಮಾಡಿದ. ಮಗು ಅತ್ತುಬಿಟ್ಟಳು. ಊಟಕ್ಕೆ ಮುಂಚೆ ಕಾಗೆಗೆ ಒಂದು ತುತ್ತು ಇಡುವ ಮನೆಯಲ್ಲಿ ಬೆಳೆದವನು ನಾನು. ಹಕ್ಕಿಗೆ ಅನ್ನ ಹಾಕಿದರೆ ತಪ್ಪು ಅಂತ ನನಗೆ ಯಾರೂ ಹೇಳಿರಲಿಲ್ಲ. ನಿಜವಾಗಲೂ ತಪ್ಪಾ? ತಿಳಿದವರು ಹೇಳಿ, ತಿದ್ದಿಕೊಳ್ಳುತ್ತೇನೆ.

ಹಡಪ್ಸರ್ ಪಶುವೈದ್ಯ | ಡಿಸೆಂಬರ್ 15, ಮಧ್ಯಾಹ್ನ 12:40

ಅಜ್ಜಾ, ನಿಮ್ಮ ಮನಸ್ಸು ತಪ್ಪಲ್ಲ, ಪಾವ್ ಸರಿಯಿಲ್ಲ. ಒಂದು ಚೂರು ತಿಂದ ಮಾತ್ರಕ್ಕೆ ಸಾಯುವುದಿಲ್ಲ, ಆ ಹುಡುಗ ಹಾಗೆ ಹೆದರಿಸಬಾರದಿತ್ತು. ಆದರೆ ಭಾನುವಾರ ನೀವೊಬ್ಬರೇ ಬರುವುದಿಲ್ಲ ಅಲ್ವಾ? ಐವತ್ತು ಜನ ಐವತ್ತು ಪಾವ್ ಹಾಕುತ್ತಾರೆ. ಬಾತಿನ ಹೊಟ್ಟೆ ಮೈದಾದಲ್ಲೇ ತುಂಬುತ್ತದೆ. ಹುಲ್ಲು, ಹುಳ, ಜೊಂಡು ಹುಡುಕುವುದನ್ನು ಬಿಡುತ್ತದೆ. ಬೆಳೆಯುವ ಮರಿಗಳಿಗೆ ಇಂಥ ತಿನಿಸು ಜಾಸ್ತಿಯಾದರೆ ರೆಕ್ಕೆಯ ಕೊನೆಯ ಗೆಣ್ಣು ಹೊರಕ್ಕೆ ತಿರುಚಿಕೊಳ್ಳುವ ಅಪಾಯವಿದೆ. ಗರಿಗಳು ಪಕ್ಕಕ್ಕೆ ಚಾಚಿ ನಿಂತುಬಿಡುತ್ತವೆ. ದೊಡ್ಡದಾದ ಮೇಲೆ ಅದಕ್ಕೆ ಮದ್ದಿಲ್ಲ.

ತಿನ್ನದೆ ಉಳಿದ ಪಾವ್ ತಳಕ್ಕೆ ಹೋಗಿ ಕೊಳೆಯುತ್ತದೆ. ನೀರು ಹಸಿರಾಗುತ್ತದೆ, ನಾರುತ್ತದೆ, ಇಲಿ ಬರುತ್ತವೆ. ಆಮೇಲೆ ಅದನ್ನು ತೊಳೆಯಲು ಬ್ಲೀಚಿಂಗ್ ಪೌಡರ್ ತರುತ್ತಾರೆ. ಅಕ್ಕನ ಕೊಳದ ಕಥೆ ಶುರುವಾಗುವುದೂ ಅಲ್ಲಿಂದಲೇ.

ಮೊಮ್ಮಗಳ ಕೈಯಲ್ಲಿ ಒಂದು ಹಿಡಿ ನೆನೆಸಿದ ಗೋಧಿ ಕೊಡಿ, ಇಲ್ಲವಾದರೆ ಜೋಳ, ಹಸಿ ಬಟಾಣಿ, ಸಣ್ಣಗೆ ಹೆಚ್ಚಿದ ಪಾಲಕ್. ಒಂದು ಹಿಡಿ ಸಾಕು. ದಡದಲ್ಲಿ ಹಾಕದೆ ನೀರಿಗೇ ಹಾಕಿ, ಅವು ತಿನ್ನುವಷ್ಟೇ ಹಾಕಿ. ಇದು ಸಾಕಿದ ಬಾತುಗಳಿಗೆ ಮಾತ್ರ. ಕಾಡು ಬಾತಿಗೆ ಏನೂ ಬೇಡ.

ಗದಗ ಜಿಲ್ಲೆಯವ, ಈಗ ಹಿಂಜವಡಿ | ಡಿಸೆಂಬರ್ 15, ರಾತ್ರಿ 9:10

ಕಾಡು ಬಾತು ಅಂದ ಕೂಡಲೇ ಊರು ನೆನಪಾಯಿತು. ನಮ್ಮದು ಮಾಗಡಿ ಕೆರೆಗೆ ಹತ್ತಿರದ ಹಳ್ಳಿ. ಬೆಂಗಳೂರ ಹತ್ತಿರದ ಮಾಗಡಿ ಅಲ್ಲ, ಗದಗ ಜಿಲ್ಲೆಯದು. ಈಗ ಅದು ರಾಮ್‌ಸಾರ್ ತಾಣ, ಅಂದರೆ ಜಗತ್ತಿನ ಮುಖ್ಯ ಕೆರೆ-ಜೌಗು ಜಾಗಗಳ ಪಟ್ಟಿಯಲ್ಲಿದೆ, 2024ರಲ್ಲಿ ಆಯಿತು. ದೀಪಾವಳಿ ಕಳೆದು ಚಳಿ ಬಿದ್ದ ಮೇಲೆ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಬೂದು ಮೈ, ಬಿಳಿ ತಲೆಯ ಹಿಂದೆ ಎರಡು ಕಪ್ಪು ಪಟ್ಟೆ. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರುತ್ತವೆ.

ಅವಕ್ಕೆ ಯಾರೂ ಏನೂ ಹಾಕುವುದಿಲ್ಲ. ಸುತ್ತಲಿನ ಹೊಲಗಳಲ್ಲಿ ಶೇಂಗಾ ಕಿತ್ತ ಮೇಲೆ ನೆಲದಲ್ಲಿ ಉಳಿದದ್ದನ್ನು ಹೆಕ್ಕಿ ತಿನ್ನುತ್ತವೆ, ಹುಲ್ಲು ಮೇಯುತ್ತವೆ. ಬೆಳೆಗೂ ಬಾಯಿ ಹಾಕುತ್ತವೆ, ಇಲ್ಲ ಅನ್ನುವುದಿಲ್ಲ. ನಮ್ಮಪ್ಪ ಗೊಣಗುತ್ತಲೇ ‘ದೂರದಿಂದ ಬಂದಾವ, ತಿನ್ಲಿ ಬಿಡು’ ಅನ್ನುತ್ತಿದ್ದರು. ಸಾವಿರಗಟ್ಟಲೆ ಹಕ್ಕಿ ಒಟ್ಟಿಗೆ ಕೆರೆಗೆ ಇಳಿಯುವಾಗ ಬರುವ ಸದ್ದನ್ನು ಬರೆದು ತಿಳಿಸಲು ನನಗೆ ಆಗದು. ಮನೆಯೊಳಗಿದ್ದವರೂ ಹೊರಗೆ ಬಂದು ನಿಲ್ಲುತ್ತಿದ್ದೆವು.

ಪುಣೆಯವರು ಅಷ್ಟು ದೂರ ಹೋಗಬೇಕಿಲ್ಲ. ಭಿಗ್ವಣದಲ್ಲಿ, ಉಜನಿ ಅಣೆಕಟ್ಟಿನ ಹಿನ್ನೀರಿಗೂ ಇವು ಬರುತ್ತವೆ. ಇಲ್ಲಿಂದ ನೂರು ಕಿಲೋಮೀಟರ್ ಆಸುಪಾಸು. ಸೋಲಾಪುರ ರಸ್ತೆಯಲ್ಲೇ ಇನ್ನೂ ಹತ್ತಿರ ಬೇಕಾದರೆ ಲೋಣಿ ಕಾಳಭೋರ್ ಹತ್ತಿರ ಕವಡಿ. ಮುಳಾ-ಮುಠಾ ನದಿಗೆ ಅಡ್ಡ ಹಳೆಯ ಒಡ್ಡು ಇದೆ.

ವಾಶಿಯಿಂದ | ಡಿಸೆಂಬರ್ 16, ಬೆಳಗ್ಗೆ 8:25

ನವಿ ಮುಂಬೈಯಿಂದ ಬರೆಯುತ್ತಿದ್ದೇನೆ. ಗೇಟ್‌ವೇಯಿಂದ ಮಾಂಡ್ವಾಗೆ, ಎಲಿಫೆಂಟಾಗೆ ಹೋಗುವ ಲಾಂಚ್ ಹತ್ತಿದ್ದೀರಾ? ಚಳಿಗಾಲದಲ್ಲಿ ದೂರದಿಂದ ಬಂದ ಕಡಲಹಕ್ಕಿಗಳು ದೋಣಿಯ ಹಿಂದೆಯೇ ಹಾರಿ ಬರುತ್ತವೆ. ಜನ ಗಾಠಿಯಾ, ಚಿಪ್ಸ್ ಎಸೆಯುತ್ತಾರೆ. ಮೀನು ಹಿಡಿಯುವ ಹಕ್ಕಿ ಖಾರ, ಉಪ್ಪು, ಕರಿದ ಎಣ್ಣೆ ತಿನ್ನುತ್ತದೆ. ಬೇಡ ಅಂತ ಹೇಳಿದರೆ ‘ತಿಂತಾ ಇದೆಯಲ್ಲ’ ಅನ್ನುತ್ತಾರೆ. ಮಕ್ಕಳೂ ದಿನವಿಡೀ ಚಿಪ್ಸ್ ಕೊಟ್ಟರೆ ತಿನ್ನುತ್ತವೆ.

2025ರಲ್ಲಿ ಮುಂಬೈ ದಾದರಿನ ಕಬೂತರ್‌ಖಾನಾ, ಅಂದರೆ ಪಾರಿವಾಳಗಳಿಗೆ ಕಾಳು ಹಾಕುವ ಜಾಗ, ಮುಚ್ಚಿದಾಗ ಎಷ್ಟು ಜಗಳ ಆಯಿತು ನೋಡಿದಿರಿ. ಹಿಕ್ಕೆಯಿಂದ ಶ್ವಾಸಕೋಶಕ್ಕೆ ತೊಂದರೆ ಅನ್ನುವವರು ಒಂದು ಕಡೆ, ಕಾಳು ಹಾಕುವುದು ಪುಣ್ಯ ಅನ್ನುವವರು ಇನ್ನೊಂದು ಕಡೆ, ವಿಷಯ ಹೈಕೋರ್ಟಿನವರೆಗೆ ಹೋಯಿತು. ಅಜ್ಜನ ಹಾಗೆ ‘ತಿಳಿದವರು ಹೇಳಿ’ ಅಂತ ಕೇಳಿದವರನ್ನು ನಾನು ಆಗ ಒಬ್ಬರನ್ನೂ ಕಾಣಲಿಲ್ಲ. ಅಜ್ಜನಿಗೆ ನನ್ನ ನಮಸ್ಕಾರ.

ಗೋವಾ ಕನ್ನಡತಿ | ಡಿಸೆಂಬರ್ 16, ಮಧ್ಯಾಹ್ನ 3:00

ಹಳೆ ಗೋವಾ ಹತ್ತಿರ ಕರ್ಮಳಿ ಸ್ಟೇಷನ್ ಪಕ್ಕದಲ್ಲೇ ಕೆರೆ ಇದೆ, ರೈಲಿನ ಕಿಟಕಿಯಿಂದಲೇ ಕಾಣುತ್ತದೆ. ಚಳಿಗಾಲದಲ್ಲಿ ಸಿಳ್ಳೆಬಾತು, ಸೂಜಿಬಾಲದ ಬಾತು ಗುಂಪು ಗುಂಪಾಗಿ ಕೂತಿರುತ್ತವೆ. ಅಲ್ಲಿ ಕಾರಂಜಿ ಇಲ್ಲ, ಬಣ್ಣ ಇಲ್ಲ. ಗಿಡ ಗಂಟಿ, ಕೆಸರು, ಎಲೆ ತೇಲುವ ನೀರು, ಅಷ್ಟೇ. ಪಾರ್ಕಿನವರು ಯಾವುದನ್ನು ಗಲೀಜು ಅಂತ ಕೀಳುತ್ತಾರೋ ಬಾತಿಗೆ ಅದೇ ಊಟ, ಅದೇ ಮನೆ. ಅಕ್ಕ, ಕೊಳ ಪೂರ್ತಿ ನಿಮ್ಮ ಕೈಗೆ ಸಿಗದಿದ್ದರೆ ಒಂದು ಮೂಲೆಯಾದರೂ ಕೇಳಿ. ಮಣ್ಣು ಹಾಕಿ ನಾಲ್ಕು ಬುಡ ಜೊಂಡು ನೆಡಿಸಿ.

ಕೋಥ್ರೂಡ್ ಅಮ್ಮ | ಡಿಸೆಂಬರ್ 17, ರಾತ್ರಿ 9:45

ಎಲ್ಲರಿಗೂ ಕೈ ಮುಗಿಯುತ್ತೇನೆ. ಇಷ್ಟು ಜನ ಉತ್ತರ ಕೊಡುತ್ತೀರಿ ಅಂದುಕೊಂಡಿರಲಿಲ್ಲ.

ಡಾಕ್ಟ್ರು ಸೋಮವಾರ ಬಂದಿದ್ದರು. ಹೆಬ್ಬಾತನ್ನು ಟವೆಲಿನಲ್ಲಿ ಸುತ್ತಿ ನನ್ನ ಮಡಿಲಲ್ಲೇ ಇಟ್ಟು ಪಾದ ನೋಡಿದರು. ಎಷ್ಟು ಭಾರ ಅಂತೀರಿ! ಎದೆ ಡವಡವ ಅನ್ನುವುದು ನನ್ನ ಕೈಗೆ ತಾಗುತ್ತಿತ್ತು. ಮುಲಾಮು ಹಚ್ಚಿ ಮೆತ್ತನೆ ಬ್ಯಾಂಡೇಜ್ ಕಟ್ಟಿದರು. ಕೋಳಿ ಆಹಾರ ಒಂದನ್ನೇ ಹಾಕಬೇಡಿ ಅಂದರು. ಕೋಳಿಗಿಂತ ಬಾತಿಗೆ ನಯಾಸಿನ್ ಎಂಬ ಜೀವಸತ್ವ ಜಾಸ್ತಿ ಬೇಕಂತೆ, ಕಡಿಮೆಯಾದರೆ ಕಾಲು ಸೋಲುತ್ತದಂತೆ. ಈಗ ಯೀಸ್ಟ್ ಪುಡಿ ಬೆರೆಸುತ್ತಿದ್ದೇವೆ.

ಇವತ್ತು ಪಾರ್ಕ್ ನೋಡಿಕೊಳ್ಳುವವರ ಕಚೇರಿಗೆ ಹೋಗಿದ್ದೆ. ಮೂರು ಮೇಜು ಸುತ್ತಿದೆ. ಒಬ್ಬರು ಕೊಳ ನಮ್ಮದು, ಹಕ್ಕಿ ನಮ್ಮದಲ್ಲ ಅಂದರು. ಇನ್ನೊಬ್ಬರು ಹಕ್ಕಿ ಅಂದರೆ ಅರಣ್ಯದವರು ಅಂದರು. ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿದೆ. ಅವರು ಮರ್ಯಾದೆಯಿಂದಲೇ, ಕಾಡು ಹಕ್ಕಿಗೆ ಗಾಯವಾಗಿದ್ದರೆ ನಾವು ಬರುತ್ತೇವೆ, ಸಾಕಿದ ಬಾತು ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಅಂದರು. ಅದು ನಿಜವೇ. ದಾಸ್ತಾನು ಪುಸ್ತಕದಲ್ಲಿ ಬೆಂಚು ಎಷ್ಟು, ಪೈಪು ಎಷ್ಟು, ಹುಲ್ಲು ಕತ್ತರಿಸುವ ಯಂತ್ರ ಎಷ್ಟು ಎಲ್ಲ ಇದೆ. ಏಳು ಜೀವ ಮಾತ್ರ ಯಾವ ಪುಟದಲ್ಲೂ ಇಲ್ಲ.

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಾಗ ಅಳು ಬಂತು.

ಹ್ಯಾಂಬರ್ಗ್‌ನಿಂದ ಬಂದವನು | ಡಿಸೆಂಬರ್ 17, ರಾತ್ರಿ 10:30

ಅಕ್ಕ, ಹಾಗಾದರೆ ಆ ಪುಸ್ತಕಕ್ಕೇ ಸೇರಿಸೋಣ. ‘ಬಾತುಕೋಳಿಗಳನ್ನು ಕಾಪಾಡಿ’ ಅಂತ ಅರ್ಜಿ ಬರೆದರೆ ಕಡತಕ್ಕೆ ಹೋಗಿ ಮಲಗುತ್ತದೆ. ನಾಲ್ಕು ಸಾಲಿನ ಅರ್ಜಿ ಬರೆಯಿರಿ. ಐದು ಬಾತು, ಎರಡು ಹೆಬ್ಬಾತು ಇವೆ ಎಂದು ದಾಖಲಿಸಿ. ನೋಡಿಕೊಳ್ಳುವ ಕೆಲಸ ಇಂಥವರದ್ದು ಎಂದು ಬರೆದು ಕೊಡಿ. ಕೊಳ ಖಾಲಿ ಮಾಡುವ ಮೂರು ದಿನ ಮೊದಲು ಅವರಿಗೆ ತಿಳಿಸಿ. ಬ್ಲೀಚಿಂಗ್ ಮಾಡಿದರೆ ಚೆನ್ನಾಗಿ ತೊಳೆದು, ಹೊಸ ನೀರು ತುಂಬಿದ ಮೇಲೇ ಹಕ್ಕಿ ಬಿಡಿ. ಮರಾಠಿಯಲ್ಲಿ ನಾನು ಬರೆದುಕೊಡುತ್ತೇನೆ. ವಾಕಿಂಗ್ ಬರುವ ಎಲ್ಲರ ಸಹಿ ಹಾಕಿಸಿ, ಕನ್ನಡದವರು ಮಾತ್ರ ಸಾಲದು.

ಇದು ಯಾಕೆ ಮುಖ್ಯ ಅಂದರೆ, ಯಾರೂ ಹೊಣೆ ಹೊರದ ಹಕ್ಕಿ ಒಂದು ದಿನ ಇದ್ದಕ್ಕಿದ್ದಂತೆ ‘ಸಮಸ್ಯೆ’ ಆಗಿಬಿಡುತ್ತದೆ. ನ್ಯೂಯಾರ್ಕಿನಲ್ಲಿ 2009ರ ಜನವರಿಯಲ್ಲಿ ಹೆಬ್ಬಾತುಗಳ ಹಿಂಡು ವಿಮಾನದ ಎರಡೂ ಎಂಜಿನ್‌ಗೆ ಸಿಕ್ಕಿ, ಪೈಲಟ್ ಹಡ್ಸನ್ ನದಿಯ ಮೇಲೆ ವಿಮಾನ ಇಳಿಸಿದರು. 155 ಜನರೂ ಬದುಕಿದರು. ಮುಂದಿನ ವರ್ಷ ಬೇಸಿಗೆಯಲ್ಲಿ, ಗರಿ ಉದುರಿ ಹಾರಲಾರದೆ ಇದ್ದ ಹೊತ್ತಿನಲ್ಲಿ, ಪ್ರಾಸ್ಪೆಕ್ಟ್ ಪಾರ್ಕಿನ ಸುಮಾರು 400 ಹೆಬ್ಬಾತುಗಳನ್ನು ಹಿಡಿದು ಕೊಂದರು. ದಿನಾ ನೋಡುತ್ತಿದ್ದ ಜನಕ್ಕೆ ಕೊಳ ಖಾಲಿಯಾದ ಮೇಲೇ ಗೊತ್ತಾದದ್ದು. ವಿಮಾನದ ಭಯ ಸುಳ್ಳಲ್ಲ. ಆದರೆ ಹುಲ್ಲು ಎತ್ತರ ಬಿಡುವುದು, ತಿನಿಸು ಹಾಕುವುದನ್ನು ನಿಲ್ಲಿಸುವುದು, ಮೊಟ್ಟೆಗೆ ಎಣ್ಣೆ ಸವರಿ ಮರಿಯಾಗದಂತೆ ತಡೆಯುವುದು, ಇಂಥ ದಾರಿಗಳನ್ನು ಮೊದಲೇ ಹಿಡಿಯಬಹುದಿತ್ತಲ್ಲ ಅಂತ ನನಗೆ ಇವತ್ತಿಗೂ ಅನಿಸುತ್ತದೆ.

ಬಾಣೇರ್ ನಿವಾಸಿ | ಡಿಸೆಂಬರ್ 18, ಬೆಳಗ್ಗೆ 7:40

ನನ್ನ ಸಹಿಯೂ ಇರಲಿ. ‘ಹೊಸ ಹಕ್ಕಿ ತಂದು ಬಿಡಬಾರದು’ ಎಂದು ಗೇಟಿನಲ್ಲಿ ಬೋರ್ಡು ಹಾಕಬೇಕು ಅಂತ ಒಂದು ಸಾಲು ಸೇರಿಸಿ. ಬೋರ್ಡಿನ ಖರ್ಚು ನಾನು ಕೊಡುತ್ತೇನೆ.

ನಿಗಡಿ ಅಜ್ಜ | ಡಿಸೆಂಬರ್ 21, ಮಧ್ಯಾಹ್ನ 12:10

ಇವತ್ತು ಪಾವ್ ಇಲ್ಲದ ಮೊದಲ ಭಾನುವಾರ. ಗದಗಿನ ಹುಡುಗ ಹೇಳಿದ ಕವಡಿಗೆ ಮಗ ಕಾರಿನಲ್ಲಿ ಕರೆದುಕೊಂಡು ಹೋದ. ಸೂರ್ಯ ಹುಟ್ಟುವ ಹೊತ್ತಿಗೆ ಅಲ್ಲಿದ್ದೆವು. ನದಿಯ ಮೇಲೆ ಮಂಜು. ಊರ ಕಸವೆಲ್ಲ ಬಂದು ಒಡ್ಡಿಗೆ ಸಿಕ್ಕಿಕೊಂಡಿದೆ, ಪ್ಲಾಸ್ಟಿಕ್ ಚೀಲ ತೋರಣ ಕಟ್ಟಿದ ಹಾಗೆ ನೇತಾಡುತ್ತಿವೆ. ಅದನ್ನು ನೋಡಿ ಸಂಕಟವಾಯಿತು.

ಮಂಜು ಸರಿದ ಮೇಲೆ ಮೊಮ್ಮಗಳು ನನ್ನ ಕೈ ಜಗ್ಗಿದಳು. ಕಿತ್ತಳೆ ಬಣ್ಣದ ಜೋಡಿ. ಪಕ್ಕದಲ್ಲಿದ್ದ ಕ್ಯಾಮೆರಾದವರು ಚಕ್ರವಾಕ ಅಂದರು, ಲಡಾಖ್, ಟಿಬೆಟ್ ಕಡೆಯಿಂದ ಬರುತ್ತವಂತೆ. ನನ್ನ ಮೈ ಜುಮ್ಮೆಂದಿತು. ಶಾಲೆಯಲ್ಲಿ ಹಳಗನ್ನಡ ಪದ್ಯ ಓದುವಾಗ ಬರುತ್ತಿದ್ದ ಜಕ್ಕವಕ್ಕಿ ಇದೇ! ರಾತ್ರಿಯಾದರೆ ಜೋಡಿ ಅಗಲಿ ನದಿಯ ಆಚೆ ಈಚೆ ಕೂತು ಕೂಗುತ್ತವೆ ಅಂತ ಮೇಷ್ಟ್ರು ಹೇಳಿಕೊಟ್ಟಿದ್ದರು. 74 ವರ್ಷಕ್ಕೆ ಮೊದಲ ಸಲ ಕಣ್ಣಾರೆ ಕಂಡೆ. ಇಷ್ಟು ವರ್ಷ ಮನೆಯಿಂದ ಒಂದೂವರೆ ತಾಸಿನ ದಾರಿಯಲ್ಲಿತ್ತು.

ಮೊಮ್ಮಗಳು ‘ಅಜ್ಜಾ, ಇವಕ್ಕೆ ಏನು ಹಾಕೋಣ’ ಅಂದಳು. ಏನೂ ಬೇಡ ಮಗಳೇ, ಸದ್ದು ಮಾಡದೆ ಕೂರೋಣ ಅಂದೆ. ಅರ್ಧ ತಾಸು ಕೂತಳು.

ಕೋಥ್ರೂಡ್ ಅಮ್ಮ | ಡಿಸೆಂಬರ್ 28, ಸಂಜೆ 6:20

ಅಜ್ಜ ಬರೆದದ್ದನ್ನು ಮಾಲಿ ಅಣ್ಣನಿಗೆ ಓದಿ ಹೇಳಿದೆ. ‘ಜಕ್ಕವಕ್ಕಿ ನಮ್ಮ ಭೀಮಾ ನದಿಗೂ ಬರ್ತಾವ್ರಿ’ ಅಂದರು.

ಅರ್ಜಿಗೆ 112 ಸಹಿ ಬಿತ್ತು. ಮಂಗಳವಾರ ಕೊಟ್ಟೆವು, ಒಂಬತ್ತು ಜನ ಒಟ್ಟಿಗೆ ಹೋಗಿದ್ದೆವು. ಹೊಸದಾಗಿ ಬಂದ ಒಬ್ಬ ಅಧಿಕಾರಿ ಕೂರಿಸಿ ಕೇಳಿದರು. ಎಲ್ಲ ಆಗಿಲ್ಲ. ಕಾರಂಜಿ ದೀಪ ಆಗೇ ಆಗುತ್ತದಂತೆ, ರಾತ್ರಿ ಹತ್ತಕ್ಕೆ ಆರಿಸುತ್ತೇವೆ ಅಂದಿದ್ದಾರೆ. ಬೋರ್ಡಿಗೆ ಒಪ್ಪಿಗೆ ಇನ್ನೂ ಬಂದಿಲ್ಲ. ಆದರೆ ಏಳು ಹಕ್ಕಿಗಳ ಹೆಸರಲ್ಲಿ ಒಂದು ಪುಟ ಶುರುವಾಗಿದೆ. ನಾನೇ ಕಣ್ಣಾರೆ ನೋಡಿದೆ. ಜವಾಬ್ದಾರಿ ಅಂತ ಇರುವ ಜಾಗದಲ್ಲಿ ಮಾಲಿ ಅಣ್ಣನ ಹೆಸರು ಬರೆದಿದ್ದಾರೆ, ದಿನಕ್ಕೆ ಎರಡು ತಾಸು ಅದಕ್ಕೆ ಅಂತಲೇ ಕೊಟ್ಟಿದ್ದಾರೆ.

ಕೊಳದ ಹಿಂದಿನ ಮೂಲೆಗೆ ಬಣ್ಣ ಹೊಡೆದಿಲ್ಲ. ಇಟ್ಟಿಗೆ ಇಟ್ಟು ಮಣ್ಣು ತುಂಬಿ ಇಳಿಜಾರು ಮಾಡಿದ್ದಾರೆ. ಗೋವಾ ತಂಗಿ ಹೇಳಿದ ಹಾಗೆ ಜೊಂಡು ನೆಟ್ಟಿದ್ದೇವೆ. ಹಡಪ್ಸರಿನ ಡಾಕ್ಟ್ರು ಒಂದು ಬಕೆಟ್ ಅಜೋಲಾ, ಅಂದರೆ ನೀರ ಮೇಲೆ ತೇಲುವ ಪುಟ್ಟ ಗಿಡ, ತಂದು ಬಿಟ್ಟರು, ಬಾತುಗಳು ಎರಡೇ ದಿನದಲ್ಲಿ ತಿಂದು ಮುಗಿಸಿವೆ. ಈಗ ಬೇರೆ ತೊಟ್ಟಿಯಲ್ಲಿ ಬೆಳೆಸುತ್ತಿದ್ದೇವೆ. ಹುಲ್ಲುಹಾಸಿಗೆ ಕೀಟನಾಶಕ ಹೊಡೆಯುವುದನ್ನೂ ನಿಲ್ಲಿಸಬೇಕು, ಹೆಬ್ಬಾತು ಅದನ್ನೇ ಮೇಯುತ್ತದೆ. ಅದನ್ನು ಮುಂದಿನ ವಾರ ಕೇಳಬೇಕು.

ವಾರ್ಜೆ ವಿದ್ಯಾರ್ಥಿನಿ | ಡಿಸೆಂಬರ್ 28, ರಾತ್ರಿ 8:05

ಅಮ್ಮ, ಕುಂಟುತ್ತಿದ್ದ ಹೆಬ್ಬಾತು ಹೇಗಿದೆ?

ಕೋಥ್ರೂಡ್ ಅಮ್ಮ | ಜನವರಿ 4, ಬೆಳಗ್ಗೆ 8:30

ಉತ್ತರ ತಡವಾಯಿತು ಪುಟ್ಟಿ. ಶುಕ್ರವಾರ ಬ್ಯಾಂಡೇಜ್ ಬಿಚ್ಚಿದರು. ಕಪ್ಪು ಗಂಟು ಉದುರಿ ಕೆಳಗೆ ಗುಲಾಬಿ ಚರ್ಮ ಬಂದಿದೆ. ಇನ್ನೂ ಸ್ವಲ್ಪ ಎಳೆಯುತ್ತಾ ನಡೆಯುತ್ತದೆ.

ಇವತ್ತು ಬೆಳಗ್ಗೆ ಮಾಲಿ ಅಣ್ಣ ಅದನ್ನು ಎತ್ತಿ ನೀರಿಗೆ ಬಿಡಲು ಹೋದರು. ಕೈಗೆ ಸಿಗದೆ ತಾನೇ ಮಣ್ಣಿನ ಇಳಿಜಾರಿನಲ್ಲಿ ಇಳಿದು ಹೋಯಿತು. ಅದರ ಜೊತೆಗಾರ ಆಚೆ ದಡದಿಂದ ಕೂಗುತ್ತಾ ಬಂತು. ಎರಡೂ ಜೊಂಡಿನ ಹತ್ತಿರ ಸುತ್ತು ಹಾಕುತ್ತಿವೆ, ನಾನು ಬೆಂಚಿನ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ.